ಗುಂಡನ್ನು ತಡೆಯುವ ಗಾಜು

ಷಿಕಾಗೋದ ಕುಖ್ಯಾತ ಪಾತಕಿ ಅಲ್ ಕಪೋನ್ ಬಳಸಿದನೆಂದು ಹೆಸರಾದ 1928ರ ಕ್ಯಾಡಿಲಾಕ್ ಕಾರು ಹೊರಗಿನಿಂದ ಅಂದಿನ ಪೊಲೀಸ್ ಕಾರುಗಳಂತೆಯೇ ಹಸಿರು, ಕಪ್ಪು ಬಣ್ಣದ್ದು. ಒಳಗೆ ಮಾತ್ರ ಸುಮಾರು 1,350 ಕಿಲೋಗ್ರಾಂ ತೂಕದ ಉಕ್ಕಿನ ತಗಡುಗಳು, ಕಿಟಕಿಗಳಿಗೆ ಸುಮಾರು ಒಂದು ಅಂಗುಲ ದಪ್ಪದ ಗಾಜು. ಬೆನ್ನಟ್ಟಿ ಬರುವವರ ಮೇಲೆ ಗುಂಡು ಹಾರಿಸಲು ಹಿಂಬದಿಯ ಗಾಜು ಕೆಳಗಿಳಿಯುವಂಥ ಏರ್ಪಾಡು. ಬಾಗಿಲೊಳಗೆ ಉಕ್ಕು ಕೂರಿಸುವುದು ಕುಶಲ ಕೆಲಸಗಾರರಿಗೆ ಸಾಧ್ಯವಿದ್ದ ಸಂಗತಿ. ಆಚೆಗಿನದೂ ಕಾಣಬೇಕು, ಗುಂಡೂ ನಿಲ್ಲಬೇಕು ಎಂಬ ಕಿಟಕಿಯ ಸಮಸ್ಯೆ ಅದಕ್ಕಿಂತ ಬಹಳ ಕಠಿಣವಾದದ್ದು. ನನ್ನ ಕುತೂಹಲವೆಲ್ಲ ಅದರ ಮೇಲೆಯೇ.

ಗಾಜು ಗಟ್ಟಿಯಾದರೂ ಬಿರುಕು ಬಿಟ್ಟರೆ ಸುಲಭವಾಗಿ ಒಡೆದುಹೋಗುತ್ತದೆ. ಪ್ಲಾಸ್ಟಿಕ್ ಮೆದುವಾದರೂ ಹಿಗ್ಗಿ ಹೊಡೆತವನ್ನು ತಾಳಿಕೊಳ್ಳುತ್ತದೆ. ಎರಡು ಗಾಜಿನ ನಡುವೆ ಸೆಲ್ಯುಲಾಯ್ಡ್ ಎಂಬ ಪ್ಲಾಸ್ಟಿಕ್ಕಿನ ಪದರವನ್ನಿಟ್ಟು ಅಂಟಿಸುವ ವಿಧಾನಕ್ಕೆ ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ 1909ರಲ್ಲಿ ಪೇಟೆಂಟ್ ಪಡೆದರು. ಇಂದಿನ ಗುಂಡುನಿರೋಧಕ ಗಾಜಿಗೂ ಆ ಪದರಗಳ ತತ್ವವೇ ಆಧಾರ. ಗುಂಡು ತಾಗಿದೊಡನೆ ಹೊರಪದರವು ಅದರ ಮೂತಿಯನ್ನು ಜಜ್ಜಿ ಚಪ್ಪಟೆಯಾಗಿಸುತ್ತದೆ, ಆ ಕೆಲಸದಲ್ಲಿ ತಾನೂ ಪುಡಿಪುಡಿಯಾಗುತ್ತದೆ. ಮುಂದಿನ ಪದರಗಳು ಹೊಡೆತವನ್ನು ಅಗಲವಾಗಿ ಹಂಚಿಕೊಳ್ಳುತ್ತವೆ. ಎಲ್ಲಕ್ಕೂ ಒಳಗಿರುವ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಹಾಳೆ ಉಬ್ಬಿದರೂ ಹರಿಯದೆ, ಸಿಡಿಯುವ ಗಾಜಿನ ಚೂರುಗಳು ಕುಳಿತವರ ಮುಖಕ್ಕೆ ಎರಚದಂತೆ ಹಿಡಿದಿಡುತ್ತದೆ. ಕಪೋನ್‌ನ ಕಾಲಕ್ಕೆ ಈ ಕೊನೆಯ ಪದರವಿರಲಿಲ್ಲ; ಪಾಲಿಕಾರ್ಬೊನೇಟ್ ಬಳಕೆಗೆ ಯೋಗ್ಯವಾದ ರೂಪದಲ್ಲಿ ತಯಾರಾದದ್ದು 1953ರಲ್ಲಿ.

ಅಂದಿನ ಪಾತಕಿಗಳ ಕೈಯಲ್ಲಿದ್ದ ಥಾಮ್ಸನ್ ಬಂದೂಕು ಪಿಸ್ತೂಲಿನ ಗುಂಡನ್ನೇ ಹಾರಿಸುತ್ತಿತ್ತು. ಸುಮಾರು 15 ಗ್ರಾಂ ತೂಕದ ಆ ಗುಂಡು ಸೆಕೆಂಡಿಗೆ ಸುಮಾರು 280 ಮೀಟರ್ ವೇಗದಲ್ಲಿ ಹೊರಟಾಗ ಅದರ ಚಲನಶಕ್ತಿ ಹೆಚ್ಚುಕಡಿಮೆ 600 ಜೂಲ್. ಎಕೆ-47ರ ಗುಂಡು ಬರೀ 8 ಗ್ರಾಂ, ಆದರೆ ವೇಗ ಸೆಕೆಂಡಿಗೆ ಸುಮಾರು 715 ಮೀಟರ್. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಅರ್ಧದಷ್ಟೇ ತೂಗುವ ಈ ಗುಂಡು 2,000 ಜೂಲ್‌ಗೂ ಹೆಚ್ಚು ಶಕ್ತಿಯನ್ನು ಹೊತ್ತು ಬರುತ್ತದೆ. ಬಂದೂಕು ಬಲವಾದಂತೆ ಗಾಜು ದಪ್ಪವಾಗುತ್ತದೆ. ಅದರ ಭಾರಕ್ಕೆ ಬಾಗಿಲಿನ ಕೀಲು, ಸ್ಪ್ರಿಂಗು, ಬ್ರೇಕುಗಳನ್ನೆಲ್ಲ ಬಲಪಡಿಸಬೇಕಾಗುತ್ತದೆ. ತೂಕ ಇಮ್ಮಡಿಯಾದ ಕಾರನ್ನು ಅದೇ ವೇಗದಿಂದ ನಿಲ್ಲಿಸಲು ಬ್ರೇಕು ಇಮ್ಮಡಿ ಶಕ್ತಿಯನ್ನು ಶಾಖವಾಗಿ ಹೊರಹಾಕಬೇಕು.

ಗುಂಡೇ ತಗಲದಿದ್ದರೂ ಈ ಗಾಜು ಸವೆಯುತ್ತದೆ. ಬಿಸಿಲಿಗೆ ಪಾಲಿಕಾರ್ಬೊನೇಟ್ ಗಾಜಿಗಿಂತ ಹೆಚ್ಚು ಹಿಗ್ಗುವುದರಿಂದ ಪದರಗಳು ಅಂಚಿನಲ್ಲಿ ಮೆಲ್ಲಗೆ ಬಿಡಿಸಿಕೊಂಡು, ಅಲ್ಲಿ ಗುಳ್ಳೆಗಳೂ ಹಾಲಿನಂಥ ಮಬ್ಬೂ ಕಾಣಿಸಿಕೊಳ್ಳುತ್ತವೆ. ಹೀಗೆ ಪದರ ಬಿಟ್ಟ ಗಾಜು ನೋಟಕ್ಕೆ ಇಡಿಯಾಗಿದ್ದರೂ ಅದರ ರಕ್ಷಣೆಯನ್ನು ನೆಚ್ಚುವಂತಿಲ್ಲ, ಬದಲಾಯಿಸಲೇಬೇಕು.