ಸೈನಿಕರ ಕೃತ್ಯಕ್ಕೆ ಜನರಲ್‌ಗೆ ನೇಣು: ಯಮಾಶಿತಾ ಪ್ರಕರಣದ ಹಿನ್ನೆಲೆ

ಯುದ್ಧಾಪರಾಧದ ವಿಚಾರಣೆಗಳಲ್ಲಿ ಸೇನಾಪತಿಗಳ ಪರ ವಕೀಲರು ಸಾಮಾನ್ಯವಾಗಿ ಹೂಡುವ ವಾದ ಒಂದಿದೆ: ಕೊಂದವರು ನಮ್ಮ ಕಕ್ಷಿದಾರರಲ್ಲ, ಕೊಲ್ಲಿ ಎಂದು ಅವರು ಹೇಳಿಯೂ ಇಲ್ಲ. ಆಗ ಎದುರಿನವರು ಎತ್ತುವ ಹೆಸರು ತೊಮೊಯುಕಿ ಯಮಾಶಿತಾ, 1946ರ ಫೆಬ್ರುವರಿ 23ರಂದು ಫಿಲಿಪ್ಪೀನ್ಸ್‌ನಲ್ಲಿ ನೇಣಿಗೇರಿದ ಜಪಾನಿ ಜನರಲ್. ಆತನಿಗೆ ಅನ್ಯಾಯವಾಯಿತು ಎನ್ನುವವರೂ ಅದೇ ಪ್ರಕರಣವನ್ನು ಉದ್ಧರಿಸುವುದರಿಂದ ಗೋಜಲು ಬಿಡಿಸಿಕೊಳ್ಳಲು ಹಿಂದಕ್ಕೆ ಹೋಗಬೇಕು.

1885ರಲ್ಲಿ ಶಿಕೊಕು ದ್ವೀಪದಲ್ಲಿ ಹುಟ್ಟಿದ ಯಮಾಶಿತಾ, ಸೈನಿಕ ಶಾಲೆ, ಯುರೋಪಿನ ರಾಯಭಾರ ಕಚೇರಿ, ಕೊರಿಯಾ, ಚೀನಾ ಎಂದು ಮೂರು ದಶಕ ಸವೆಸಿದರು. ಹೆಸರು ಬಂದದ್ದು ಮಲಯಾದಲ್ಲಿ. 1941ರ ಡಿಸೆಂಬರ್‌ನಲ್ಲಿ ಅಲ್ಲಿ ಇಳಿದ ಅವರ ಸೇನೆ 70 ದಿನಗಳಲ್ಲಿ ಸಿಂಗಪುರವನ್ನು ವಶಪಡಿಸಿಕೊಂಡಿತು. 1942ರ ಫೆಬ್ರುವರಿ 15ರಂದು ಬುಕಿತ್ ತಿಮಾದ ಫೋರ್ಡ್ ಕಾರು ಕಾರ್ಖಾನೆಯಲ್ಲಿ ಬ್ರಿಟಿಷ್ ಜನರಲ್ ಪರ್ಸಿವಲ್ ಕಾಲಾವಕಾಶ ಕೇಳುತ್ತಿದ್ದರೆ, ಯಮಾಶಿತಾ ಶರಣಾಗುತ್ತೀರೋ ಇಲ್ಲವೋ ಅಷ್ಟೇ ಹೇಳಿ ಎಂದು ಪಟ್ಟು ಹಿಡಿದರು. ಅವರ ಕಡೆ ಮದ್ದುಗುಂಡು ಮುಗಿಯುತ್ತ ಬಂದಿತ್ತು, ಸೈನಿಕರೂ ಕಡಿಮೆ. ಆ ದರ್ಪವೆಲ್ಲ ಹುಸಿಯಾಗಿತ್ತೆಂದು ಮುಂದೆ ಅವರೇ ಒಪ್ಪಿಕೊಂಡರು. ಅಂದು ಸೆರೆಸಿಕ್ಕವರಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಮಂದಿ ಭಾರತೀಯರು. ಎರಡೇ ದಿನದಲ್ಲಿ ಅವರನ್ನು ಫ್ಯಾರರ್ ಪಾರ್ಕ್ ಮೈದಾನದಲ್ಲಿ ಸೇರಿಸಲಾಯಿತು. ಆಜಾದ್ ಹಿಂದ್ ಫೌಜಿಗೆ ಮೊದಮೊದಲು ಜನ ಸೇರಿದ್ದು ಬಹುಪಾಲು ಅಲ್ಲಿಂದಲೇ.

ಅದೇ ತಿಂಗಳು ಸಿಂಗಪುರದ ಚೀನೀ ಗಂಡಸರನ್ನು ಸಾಲಾಗಿ ನಿಲ್ಲಿಸಿ, ಅನುಮಾನ ಬಂದವರನ್ನು ಕಡಲತೀರಕ್ಕೆ ಒಯ್ದು ಗುಂಡಿಟ್ಟು ಕೊಲ್ಲಲಾಯಿತು. ಸತ್ತವರು ಸಾವಿರಾರು. ಎಷ್ಟು ಸಾವಿರ ಎಂಬ ಜಗಳ ಇನ್ನೂ ಮುಗಿದಿಲ್ಲ. ಯಮಾಶಿತಾ ಆಗ ಅಲ್ಲಿನ ಸೇನಾಪತಿ. ಆದರೆ ಅವರನ್ನು ಗಲ್ಲಿಗೇರಿಸಿದ್ದು ಇದಕ್ಕಲ್ಲ. ಈ ಹತ್ಯಾಕಾಂಡದ ವಿಚಾರಣೆ ನಡೆದದ್ದು 1947ರಲ್ಲಿ. ಅಷ್ಟರಲ್ಲಿ ಅವರು ಸತ್ತು ವರ್ಷ ಕಳೆದಿತ್ತು.

ನೇಣು ತಂದದ್ದು ಮನಿಲಾ. ನಡುವೆ ಎರಡು ವರ್ಷ ಮಂಚೂರಿಯಾದಲ್ಲಿ ಮೂಲೆಗುಂಪಾಗಿದ್ದ ಅವರನ್ನು 1944ರ ಅಕ್ಟೋಬರ್‌ನಲ್ಲಿ ಫಿಲಿಪ್ಪೀನ್ಸ್‌ಗೆ ಕಳುಹಿಸಲಾಯಿತು. ಹತ್ತು ಹನ್ನೆರಡು ದಿನಗಳಲ್ಲೇ ಅಮೆರಿಕನ್ನರು ಲೇಟೆ ದ್ವೀಪಕ್ಕೆ ಬಂದಿಳಿದರು. ಮನಿಲಾವನ್ನು ಉಳಿಸಿಕೊಳ್ಳಲಾಗದೆಂದು ಯಮಾಶಿತಾ ಉತ್ತರದ ಬೆಟ್ಟಗಳತ್ತ ಸರಿದರೂ ರಿಯರ್ ಅಡ್ಮಿರಲ್ ಇವಾಬುಚಿಯ ನೌಕಾಪಡೆ ನಗರದಲ್ಲೇ ಉಳಿಯಿತು. ಕಾಗದದ ಮೇಲೆ ಆ ಪಡೆ ಯಮಾಶಿತಾ ಅಧೀನದಲ್ಲಿತ್ತು. 1945ರ ಫೆಬ್ರುವರಿಯ ಆ ಒಂದು ತಿಂಗಳ ಕಾಳಗದಲ್ಲಿ ಸುಮಾರು ಒಂದು ಲಕ್ಷ ನಾಗರಿಕರು ಸತ್ತರು. ಆಸ್ಪತ್ರೆ, ಚರ್ಚು, ಶಾಲೆಗಳಲ್ಲಿ ಜಪಾನಿ ಪಡೆಯವರು ಹೆಂಗಸರು ಮಕ್ಕಳೆನ್ನದೆ ಕೊಂದರು. ಅಮೆರಿಕದ ಫಿರಂಗಿಗಳಿಗೆ ಬಲಿಯಾದವರೂ ಕಡಿಮೆಯಿಲ್ಲ. ಅವರ ಲೆಕ್ಕ ಯಾವ ಕಟಕಟೆಗೂ ಬರಲಿಲ್ಲ.

ಸೆಪ್ಟೆಂಬರ್ 3ರಂದು ಬಾಗಿಯೊದಲ್ಲಿ ಯಮಾಶಿತಾ ಶರಣಾಗತಿಗೆ ಸಹಿ ಹಾಕಿದರು. ಸಾಕ್ಷಿಯಾಗಿ ಕೂತವರಲ್ಲಿ ಅದೇ ಪರ್ಸಿವಲ್ ಇದ್ದರು. ಎರಡು ತಿಂಗಳು ತುಂಬುವ ಮೊದಲೇ, ಅಕ್ಟೋಬರ್ 29ಕ್ಕೆ, ಮನಿಲಾದಲ್ಲಿ ವಿಚಾರಣೆ ಶುರುವಾಯಿತು. ಪೀಠದಲ್ಲಿದ್ದವರು ಐವರು ಅಮೆರಿಕನ್ ಜನರಲ್‌ಗಳು. ಕಾನೂನು ಓದಿದವರು ಒಬ್ಬರೂ ಇರಲಿಲ್ಲ. ಮೊದಲು ಪಟ್ಟಿ ಮಾಡಿದ್ದ 64 ಪ್ರಕರಣಗಳಿಗೆ ವಿಚಾರಣೆ ಆರಂಭವಾಗುವ ಹೊತ್ತಿಗೆ ಇನ್ನೂ 59 ಸೇರಿಕೊಂಡವು. ಸಿದ್ಧತೆಗೆ ಸಮಯ ಬೇಕೆಂದ ಪ್ರತಿವಾದಿ ವಕೀಲರಿಗೆ, ಅವರೂ ಅಮೆರಿಕದ ಸೇನಾಧಿಕಾರಿಗಳೇ, ಸಮಯ ಸಿಗಲಿಲ್ಲ. ಯಾರೋ ಹೇಳಿದ್ದನ್ನು ಕೇಳಿದೆ ಎಂಬ ಮಾತೂ ಸಾಕ್ಷ್ಯವಾಯಿತು. ಸಾಕ್ಷಿಗಳು 286 ಮಂದಿ. ಅವರಲ್ಲಿ ಮೈಮೇಲಿನ ಬಯನೆಟ್ ಗಾಯ ತೋರಿಸಿದವರೂ ಇದ್ದರು. ಅವರ ಸಂಕಟದಲ್ಲಿ ಸುಳ್ಳಿರಲಿಲ್ಲ. ಆದರೆ ಆರೋಪಪಟ್ಟಿಯಲ್ಲಿ ಯಮಾಶಿತಾ ಕೊಲ್ಲಿಸಿದರು ಎಂದಾಗಲಿ, ತಿಳಿದೂ ಸುಮ್ಮನಿದ್ದರು ಎಂದಾಗಲಿ ನೇರವಾಗಿ ಹೇಳಿರಲಿಲ್ಲ. ತಮ್ಮ ಪಡೆಗಳನ್ನು ಹತೋಟಿಯಲ್ಲಿಡುವ ಕರ್ತವ್ಯದಲ್ಲಿ ತಪ್ಪಿದರು ಎಂಬುದೇ ಆರೋಪದ ತಿರುಳು. ಡಿಸೆಂಬರ್ 7ಕ್ಕೆ, ಅಂದರೆ ಪರ್ಲ್ ಹಾರ್ಬರ್ ದಾಳಿಯ ವಾರ್ಷಿಕ ದಿನವೇ, ಮರಣದಂಡನೆ ಪ್ರಕಟವಾಯಿತು. ತಾರೀಖು ತಾನಾಗಿ ಕೂಡಿಬಂತೆಂದು ನಂಬುವುದು ಕಷ್ಟ.

ಅಮೆರಿಕದ ಸುಪ್ರೀಂ ಕೋರ್ಟ್ 1946ರ ಫೆಬ್ರುವರಿ 4ರಂದು 6-2 ಬಹುಮತದಿಂದ ಮೇಲ್ಮನವಿ ತಳ್ಳಿಹಾಕಿತು. ಭಿನ್ನ ತೀರ್ಪು ಬರೆದ ನ್ಯಾಯಮೂರ್ತಿ ಮರ್ಫಿ ಅವರ ತರ್ಕ ಸರಳ: ನಿಮ್ಮ ಸಂಪರ್ಕ ವ್ಯವಸ್ಥೆಯನ್ನು ಧ್ವಂಸ ಮಾಡಿದವರು ನಾವೇ, ಹತೋಟಿ ತಪ್ಪಿತೆಂದು ದೂರುವವರೂ ನಾವೇ. ಒಪ್ಪದ ಇನ್ನೊಬ್ಬ ನ್ಯಾಯಮೂರ್ತಿ ರಟ್ಲೆಜ್ ಅವರು ವಿಚಾರಣೆ ನಡೆದ ರೀತಿಯನ್ನೇ ಪ್ರಶ್ನಿಸಿದರು.

ಪಡೆ ಹತೋಟಿ ತಪ್ಪಿದರೆ ಸೇನಾಪತಿಯೇ ಹೊಣೆ ಎಂಬ ಆ ಅಳತೆಗೋಲು ಎಲ್ಲರಿಗೂ ಒಂದೇ ಆಗಿ ಉಳಿಯಲಿಲ್ಲ. ವಿಯೆಟ್ನಾಂನ ಮಿ ಲಾಯ್‌ನಲ್ಲಿ ಅಮೆರಿಕನ್ ಸೈನಿಕರು ನಡೆಸಿದ ಹತ್ಯಾಕಾಂಡದಲ್ಲಿ 1971ರಲ್ಲಿ ವಿಚಾರಣೆ ಎದುರಿಸಿದ ಅಮೆರಿಕನ್ ಕ್ಯಾಪ್ಟನ್ ಮೆಡಿನಾಗೆ, ನಡೆಯುತ್ತಿದ್ದುದು ಆತನಿಗೆ ನಿಜಕ್ಕೂ ಗೊತ್ತಿತ್ತೇ ಎಂಬುದೇ ಮಾನದಂಡವಾಯಿತು. ಖುಲಾಸೆಯೂ ಆಯಿತು. 1977ರ ಜಿನೀವಾ ಹೆಚ್ಚುವರಿ ಒಡಂಬಡಿಕೆ, ಆಮೇಲೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ ತಳಹದಿಯಾದ 1998ರ ರೋಮ್ ಶಾಸನ ನಿಯಮವನ್ನು ಬಿಗಿಮಾಡಿದವು: ಕೆಳಗಿನವರ ಕೃತ್ಯ ಸೇನಾಪತಿಗೆ ಗೊತ್ತಿರಬೇಕು ಅಥವಾ ಆ ಸನ್ನಿವೇಶದಲ್ಲಿ ಗೊತ್ತಾಗಬೇಕಿತ್ತು, ಜೊತೆಗೆ ಕೈಲಾದದ್ದನ್ನು ಮಾಡದೆ ಬಿಟ್ಟಿರಬೇಕು ಎಂದು ರೋಮ್ ಶಾಸನ ಹೇಳುತ್ತದೆ. ಭಾರತ ಈ ಎರಡಕ್ಕೂ ಸೇರಿಲ್ಲ, ಅಮೆರಿಕವೂ ಇಲ್ಲ.

ಹಾಗೆಂದು ಗೊಂದಲ ತೀರಿಲ್ಲ. ಮಧ್ಯ ಆಫ್ರಿಕಾ ಗಣರಾಜ್ಯದಲ್ಲಿ ತನ್ನ ಪಡೆ ನಡೆಸಿದ ಕೊಲೆ, ಅತ್ಯಾಚಾರಗಳಿಗಾಗಿ ಕಾಂಗೊ ನಾಯಕ ಜಾನ್ ಪಿಯರ್ ಬೆಂಬಾಗೆ ಆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ 2016ರಲ್ಲಿ 18 ವರ್ಷ ಶಿಕ್ಷೆಯಾಗಿತ್ತು. ಬೇರೆ ದೇಶದಲ್ಲಿದ್ದು ಪಡೆ ನಡೆಸುತ್ತಿದ್ದವನ ಮಿತಿಗಳನ್ನು ಕೆಳಗಿನ ಪೀಠ ಸರಿಯಾಗಿ ಗಮನಿಸಲಿಲ್ಲವೆಂದು 2018ರಲ್ಲಿ ಮೇಲ್ಮನವಿ ಪೀಠ ಆತನನ್ನು ಬಿಡುಗಡೆ ಮಾಡಿತು. ಐವರು ನ್ಯಾಯಾಧೀಶರಲ್ಲಿ ಇಬ್ಬರು ಇದನ್ನು ಒಪ್ಪಲಿಲ್ಲ.