ಸಾಲ್ಬುಟಮಾಲ್ ಇನ್‌ಹೇಲರ್ ಮತ್ತು ಎಂಟು ಗಂಟೆಯ ಲೆಕ್ಕ

ಅಸ್ತಮಾ ಇರುವ ಕ್ರೀಡಾಪಟು ಸಾಲ್ಬುಟಮಾಲ್ ಇನ್‌ಹೇಲರ್ ಬಳಸುವುದಕ್ಕೆ ವಾಡಾದ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯ, ನಿಷೇಧಿತ ಪಟ್ಟಿ ಅವಕಾಶ ಕೊಟ್ಟಿದೆ. ಆದರೆ ಎರಡು ಮಿತಿಗಳನ್ನು ಒಟ್ಟಿಗೆ ಪಾಲಿಸಬೇಕು. 24 ಗಂಟೆಗಳಲ್ಲಿ 1600 ಮೈಕ್ರೊಗ್ರಾಂ ಮೀರಬಾರದು. ಯಾವ ಡೋಸ್‌ನಿಂದ ಎಣಿಸಿದರೂ ಮುಂದಿನ 8 ಗಂಟೆಗಳಲ್ಲಿ 600 ಮೈಕ್ರೊಗ್ರಾಂ ಮೀರಬಾರದು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇನ್‌ಹೇಲರ್‌ನ ಒಂದು ಪಫ್ ಎಂದರೆ 100 ಮೈಕ್ರೊಗ್ರಾಂ. ಹಾಗಾಗಿ ದಿನಕ್ಕೆ 16 ಪಫ್, ಎಂಟು ಗಂಟೆಗೆ 6 ಪಫ್.

ತೊಡಕೆಲ್ಲ ಇರುವುದು ‘ಯಾವ ಡೋಸ್‌ನಿಂದ ಎಣಿಸಿದರೂ’ ಎಂಬಲ್ಲಿ. ದಿನವನ್ನು ಕಾರ್ಖಾನೆಯ ಮೂರು ಪಾಳಿಗಳಂತೆ ಭಾಗ ಮಾಡಿ, ಪಾಳಿ ಬದಲಾದೊಡನೆ ಲೆಕ್ಕ ಸೊನ್ನೆಯಿಂದ ಶುರುವಾಗುತ್ತದೆ ಎಂದು ಭಾವಿಸಿದರೆ ಎಡವಟ್ಟಾಗುತ್ತದೆ. ಓಟಗಾರ್ತಿಯೊಬ್ಬಳು ಬೆಳಗ್ಗೆ 7, 9 ಮತ್ತು 11 ಗಂಟೆಗೆ ಎರಡೆರಡು ಪಫ್ ತೆಗೆದುಕೊಂಡಿದ್ದಾಳೆ ಎನ್ನೋಣ. ಮಧ್ಯಾಹ್ನ 3.30ಕ್ಕೆ ಮತ್ತೆ ಉಬ್ಬಸ ಕಾಣಿಸಿಕೊಂಡಾಗ 7 ಗಂಟೆಯ ಎರಡು ಪಫ್ ಮಾತ್ರ ಲೆಕ್ಕದಿಂದ ಬಿಟ್ಟುಹೋಗಿರುತ್ತವೆ. 9 ಮತ್ತು 11ರ ನಾಲ್ಕು ಇನ್ನೂ ಉಳಿದಿರುತ್ತವೆ. ಆಗ ನಾಲ್ಕು ಪಫ್ ತೆಗೆದುಕೊಂಡರೆ ದಿನದ ಒಟ್ಟು 10 ಮಾತ್ರ, 16ಕ್ಕಿಂತ ಎಷ್ಟೋ ಕಡಿಮೆ. ಆದರೂ ಎಂಟು ಗಂಟೆಯ ಲೆಕ್ಕ 800 ಮೈಕ್ರೊಗ್ರಾಂಗೆ ಏರಿ ಮಿತಿ ದಾಟಿರುತ್ತದೆ. ಮುಂದಕ್ಕೆ ಎಣಿಸುವ ಗೋಜಿಗೆ ಹೋಗದೆ, ಪ್ರತಿ ಸಲ ಹಿಂದಿನ ಎಂಟು ಗಂಟೆಗಳಲ್ಲಿ ಎಷ್ಟಾಯಿತೆಂದು ನೋಡಿ, ಆರರಲ್ಲಿ ಕಳೆದು, ಉಳಿದಷ್ಟೇ ಬಾಕಿ ಎಂದುಕೊಳ್ಳುವುದು ನನಗೆ ಒಗ್ಗಿದ ಸುಲಭೋಪಾಯ. ಈ ಲೆಕ್ಕ ಪದೇಪದೇ ಹಾಕಬೇಕಾಗಿ ಬರುತ್ತಿದ್ದರೆ ಅಸ್ತಮಾ ಹತೋಟಿಯಲ್ಲಿಲ್ಲ ಎಂದೇ ಅರ್ಥ. ವೈದ್ಯರನ್ನು ಕಂಡು, ನಿಗದಿತ ಪ್ರಮಾಣದಲ್ಲಿ ನಿಷೇಧವಿಲ್ಲದ ಸ್ಟೀರಾಯ್ಡ್ ಇನ್‌ಹೇಲರ್‌ನ ಬಗ್ಗೆ ಕೇಳಬೇಕು.

ಡೋಪಿಂಗ್ ಪರೀಕ್ಷೆಯಲ್ಲಿ ಮೂತ್ರದಲ್ಲಿನ ಸಾಲ್ಬುಟಮಾಲ್ ಮಿಲಿಲೀಟರಿಗೆ 1000 ನ್ಯಾನೊಗ್ರಾಂ ಮೀರಿದರೆ ಅದು ಚಿಕಿತ್ಸೆಗಾಗಿ ಸೇದಿದ್ದಲ್ಲ ಎಂದು ಭಾವಿಸಲಾಗುತ್ತದೆ. ಮಿತಿಯೊಳಗೆ ಸೇದಿದ್ದರಿಂದಲೇ ಅಷ್ಟಾಯಿತೆಂದು ತೋರಿಸುವ ಹೊಣೆ ಕ್ರೀಡಾಪಟುವಿನದು. 2017ರ ವುವೆಲ್ಟಾ ಸೈಕಲ್ ಸ್ಪರ್ಧೆಯಲ್ಲಿ ಕ್ರಿಸ್ ಫ್ರೂಮ್ ಅವರ ಮಾದರಿಯಲ್ಲಿ 2000 ಎಂದು ವರದಿಯಾಗಿತ್ತು. 2018ರ ಜುಲೈನಲ್ಲಿ ಅವರು ಆರೋಪಮುಕ್ತರಾದರು.

ನೆಬ್ಯುಲೈಸರ್‌ಗೆ ಹಾಕುವ 2.5 ಮಿಲಿಗ್ರಾಂ ಔಷಧವೆಂದರೆ 2500 ಮೈಕ್ರೊಗ್ರಾಂ. ಒಂದೇ ಸಲಕ್ಕೆ ಎರಡೂ ಮಿತಿಗಳು ದಾಟುತ್ತವೆ. ಹಾಗೆಂದು ತೀವ್ರ ಉಬ್ಬಸದಲ್ಲಿ ಅದನ್ನು ತಡಮಾಡುವಂತಿಲ್ಲ: ಮೊದಲು ಚಿಕಿತ್ಸೆ, ಆಮೇಲೆ ಆಸ್ಪತ್ರೆಯ ದಾಖಲೆಗಳೊಡನೆ ಪೂರ್ವಾನ್ವಯವಾಗುವಂತೆ ಚಿಕಿತ್ಸಾ ವಿನಾಯಿತಿಗೆ, ಅಂದರೆ ಟಿಯುಇಗೆ, ಅರ್ಜಿ. ಸಾಲ್ಬುಟಮಾಲ್ ಮಾತ್ರೆ ಮತ್ತು ಸಿರಪ್‌ಗೆ ಈ ಮಿತಿಗಳ ರಿಯಾಯಿತಿಯೇ ಇಲ್ಲ, ಅವು ಸದಾ ನಿಷಿದ್ಧ. ಔಷಧದಂಗಡಿಯಲ್ಲಿ ಕೊಳ್ಳುವ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿರುವ ಟರ್ಬುಟಲಿನ್ ಕೂಡ ಎಷ್ಟೇ ಕಡಿಮೆಯಿದ್ದರೂ ನಿಷಿದ್ಧವಾದ್ದರಿಂದ, ಬಾಟಲಿಯ ಹಿಂಬದಿಯ ಸಣ್ಣಕ್ಷರವನ್ನು ಅಂಗಡಿಯಲ್ಲೇ ಓದಬೇಕು.