ಹಾಲು, ಆಲು ಮತ್ತು ಎಚ್.ಡಿ. ಕೋಟೆಯ ಬೋರ್ಡು

ಮೈಸೂರಿನಿಂದ ಹೆಗ್ಗಡದೇವನಕೋಟೆ ಕಡೆಗೆ ಹೋಗುವಾಗ ಬೋರ್ಡುಗಳನ್ನು ಓದುತ್ತಾ ಹೋಗಿ. ಒಂದರಲ್ಲಿ ‘ಎಚ್.ಡಿ. ಕೋಟೆ’, ಪಕ್ಕದ್ದರಲ್ಲಿ ‘ಹೆಚ್.ಡಿ. ಕೋಟೆ’. ಎರಡು ಪಕ್ಷದವರಿಗೂ ಎದುರು ಪಕ್ಷದ ಬೋರ್ಡು ಕಂಡರೆ ಮೈ ಉರಿ. ಎಚ್ ಪಕ್ಷ ಇಂಗ್ಲಿಷ್ ನಿಘಂಟು ತೆಗೆದು ತೋರಿಸುತ್ತದೆ. ‘ಹ’ ಸದ್ದಿನ ಅಕ್ಷರದ ಹೆಸರಲ್ಲೇ ‘ಹ’ ಇಲ್ಲದಿದ್ದರೆ ಹೇಗೆ ಸ್ವಾಮಿ ಎಂದು ಹೆಚ್ ಪಕ್ಷ ಕೇಳುತ್ತದೆ. ಉತ್ತರ ಐರ್ಲೆಂಡಿನಲ್ಲಂತೂ ಇದೇ ಜಗಳಕ್ಕೆ ಧರ್ಮದ ಬಣ್ಣವೂ ಇದೆ: ಹೆಚ್ ಅನ್ನುವವರು ಕ್ಯಾಥೊಲಿಕರು, ಎಚ್ ಅನ್ನುವವರು ಪ್ರಾಟೆಸ್ಟೆಂಟರು ಎಂದು ಬಾಯಿ ತೆರೆದ ಕೂಡಲೇ ಗುರುತು ಹಿಡಿಯುವವರಿದ್ದಾರೆ. ವಯಸ್ಸಿನ ಲೆಕ್ಕದಲ್ಲಿ ಎಚ್ ಹಿರಿಯದು, ಅದು ಹಳೆಯ ಫ್ರೆಂಚಿನಿಂದ ‘ಹ’ ಇಲ್ಲದೆಯೇ ಇಂಗ್ಲಿಷಿಗೆ ಬಂದ ಹೆಸರು.

ಆದರೆ ತಮಾಷೆ ಇರುವುದು ಬೇರೆ ಕಡೆ. ಆ ಎಚ್ ಯಾವ ಪದದ ಮೊದಲಕ್ಷರ? ಹೆಗ್ಗಡೆ. ಹಳೆಯ ಶಾಸನಗಳಲ್ಲಿ ಅದೇ ಪದ ‘ಪೆರ್ಗಡೆ’. ಜಗಳವಾಡುತ್ತಿರುವ ‘ಹ’ ಹುಟ್ಟಿನಿಂದ ‘ಹ’ ಅಲ್ಲವೇ ಅಲ್ಲ, ಅದು ಸವೆದ ‘ಪ’.

ಕಿವಿಗೆ ಚುಚ್ಚುವ ಮಾತುಗಳು ಎಷ್ಟೋ ಇವೆ. ವಾಕ್ಯಕ್ಕೊಂದು ಆಕ್ಚುಲಿ, ಅದರ ಬಾಲಕ್ಕೊಂದು ಬೇಸಿಕಲಿ, ‘ನಮ್ಮೂರು ಬಂದ್ಬಿಟ್ಟು ಮದ್ದೂರು’ ಎಂಬಲ್ಲಿ ಎಲ್ಲಿಂದಲೂ ಬರದ ‘ಬಂದ್ಬಿಟ್ಟು’. ಇವು ಮಾತಿನ ನಡುವೆ ಉಸಿರಾಡಿಕೊಳ್ಳುವ ಜಾಗಗಳು, ಇರಲಿ ಬಿಡಿ. ಇಂಗ್ಲಿಷಿನವರ ಗೊಣಗಾಟವೂ ಹೀಗೆಯೇ. ಶರತ್ಕಾಲಕ್ಕೆ ‘ಫಾಲ್’ ಅನ್ನುವ ಅಮೆರಿಕದವರನ್ನು ಬ್ರಿಟಿಷರು ಹಂಗಿಸುತ್ತಾರೆ, ಆದರೆ ಆ ಪದ ಇಂಗ್ಲೆಂಡಿನಲ್ಲೇ ಬಳಕೆಯಲ್ಲಿದ್ದು ಹಡಗು ಹತ್ತಿ ಹೋದದ್ದು. ಅಮೆರಿಕದವರದು ಎಂದು ಮೂಗು ಮುರಿಯುವ ‘ಸಾಕರ್’ 19ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ವಿದ್ಯಾರ್ಥಿಗಳು ಹುಟ್ಟಿಸಿದ ಅಡ್ಡಮಾತು. ನಮಗೆ ಈಚೆಗೆ ಕೇಳಿಸಿದ್ದೆಲ್ಲ ಈಚೆಗೇ ಹುಟ್ಟಿತು ಅಂದುಕೊಳ್ಳುವ ಈ ಭ್ರಮೆಗೆ ಭಾಷಾವಿಜ್ಞಾನಿ ಆರ್ನಲ್ಡ್ ಜ್ವಿಕಿ 2005ರಲ್ಲಿ ಒಂದು ಹೆಸರನ್ನೇ ಕೊಟ್ಟರು. ಕನ್ನಡದಲ್ಲಿ ಅದನ್ನು ‘ಈಚಿನದೆಂಬ ಭ್ರಮೆ’ ಅನ್ನಬಹುದು.

ಈ ಭ್ರಮೆಯ ಅತಿದೊಡ್ಡ ಬಲಿ ಮಂಡ್ಯದ ‘ಆಲು’.

‘ಆಲು ಕುಡ್ದು ಓಗ್ಲಾ’ ಅಂದವನನ್ನು ಮೈಸೂರಿನ ಕಾಲೇಜಿನಲ್ಲಿ ಒಂದು ವರ್ಷ ಪೂರ್ತಿ ಅಣಕಿಸುತ್ತಾರೆ. ಅಕ್ಕಿ–ಹಕ್ಕಿ ಜೋಕು ಸವೆದು ಸವೆದು ಕಾಸಾಗಿದ್ದರೂ ಚಲಾವಣೆ ನಿಂತಿಲ್ಲ. ನಾಲಿಗೆ ದಪ್ಪ, ಉಚ್ಚಾರ ಬರಲ್ಲ, ಸಂಸ್ಕಾರ ಇಲ್ಲ ಎಂದು ಕಾರಣಗಳನ್ನು ಬೇರೆ ಕೊಡುತ್ತಾರೆ. ‘ಹ’ ಹೇಳಲು ನಾಲಿಗೆಯೇ ಬೇಡ ಎನ್ನುವುದು ಈ ಪಂಡಿತರಿಗೆ ಹೊಳೆದಿಲ್ಲ.

ಮೊದಲು ಹಳೆಯ ಲೆಕ್ಕ ನೋಡೋಣ. ತಮಿಳಿನಲ್ಲಿ ಪಾಲ್, ತೆಲುಗಿನಲ್ಲಿ ಪಾಲು, ಹಳಗನ್ನಡದಲ್ಲಿ ಪಾಲ್, ಈಗ ನಮ್ಮ ಬಾಯಲ್ಲಿ ಹಾಲು. ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು, ಶಾಸನದ ಪೊಯ್ಸಳರು ಹೊಯ್ಸಳರಾದರು. ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲು ಹೊಯ್ಸಳ ದೇವಾಲಯಕ್ಕೆ ಹೆಸರಾದ ಊರು. ಹೆಸರನ್ನು ಬಿಡಿಸಿದರೆ ಪೊಸ ಮತ್ತು ಪೊಳಲ್, ಅಂದರೆ ಹೊಸ ಪಟ್ಟಣ. ಎರಡು ‘ಹ’ಗಳೂ ಹಿಂದೆ ‘ಪ’ಗಳೇ. ಐದನೇ ಶತಮಾನದ್ದೆಂದು ಎಣಿಸುವ ಹಲ್ಮಿಡಿ ಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದರು, ಕಲ್ಲು ಈಗ ಮೈಸೂರಿನಲ್ಲೇ ಪುರಾತತ್ವ ಇಲಾಖೆಯ ಕಚೇರಿಯಲ್ಲಿದೆ. ಅದರಲ್ಲಿ ದಾನ ಕೊಟ್ಟ ಊರುಗಳ ಹೆಸರು ಪಲ್ಮಡಿ ಮತ್ತು ಮೂಳಿವಳ್ಳಿ. ಆ ಪಲ್ಮಡಿಯೇ ಇಂದಿನ ಹಲ್ಮಿಡಿ. ಮೂಳಿವಳ್ಳಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ: ಪಳ್ಳಿ ಸಮಾಸದ ನಡುವೆ ಸಿಕ್ಕಿಕೊಂಡು ಆಗಲೇ ‘ವಳ್ಳಿ’ ಆಗಿದೆ. ಎರಡು ಸ್ವರಗಳ ನಡುವಿನ ‘ಪ’ ಪದದ ಆರಂಭದಲ್ಲಿರುವ ‘ಪ’ಕ್ಕಿಂತ ಬೇಗ ಸವೆಯುತ್ತದೆ ಎನ್ನುವುದಕ್ಕೆ ಇದು ಕಲ್ಲಿನ ಮೇಲಿನ ಸಾಕ್ಷಿ.

ಸವೆಯುವುದು ಹೇಗೆ? ನಾಲೆಯ ತೂಬನ್ನು ನೆನೆಯಿರಿ. ‘ಪ’ ಅಂದರೆ ಬಾಗಿಲು ಪೂರ್ತಿ ಮುಚ್ಚಿ, ಹಿಂದೆ ನೀರು ಒತ್ತಿ ನಿಂತು, ಒಮ್ಮೆಲೇ ತೆಗೆಯುವುದು. ಇಲ್ಲಿ ಬಾಗಿಲು ಎಂದರೆ ಎರಡು ತುಟಿ, ನೀರು ಎಂದರೆ ಉಸಿರು. ಸೌದೆ ಒಲೆಗೆ ಊದುಗೊಳವೆ ಇಲ್ಲದೆ ಬಾಯಲ್ಲೇ ಊದುವಾಗ ತುಟಿಗಳು ಹತ್ತಿರ ಬಂದರೂ ಮುಚ್ಚುವುದಿಲ್ಲ, ‘ಫ್ಫೂ’ ಎಂಬ ಗಾಳಿ ಮಾತ್ರ. ಇದು ಬಾಗಿಲು ಬೆರಳಷ್ಟು ಎದ್ದ ಸ್ಥಿತಿ. ಇನ್ನೂ ಸೋಮಾರಿತನ ಮಾಡಿ, ತುಟಿಯ ಕೆಲಸವನ್ನೇ ಬಿಟ್ಟು ಗಂಟಲಿನಿಂದ ಉಸಿರನ್ನಷ್ಟೇ ಬಿಟ್ಟರೆ ಅದು ‘ಹ’. ಬಾಗಿಲನ್ನೇ ಕಿತ್ತುಹಾಕಿದ್ದಾರೆ, ನೀರಿನ ಸದ್ದು ಉಳಿದಿದೆ. ಆ ಉಸಿರನ್ನೂ ಬಿಡದೆ ನೇರ ಸ್ವರಕ್ಕೆ ಹೋದರೆ ‘ಆಲು’. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ನಾಣ್ಯದ ಮೇಲಿನ ಮುದ್ರೆ ಮೊದಲು ಮಸುಕಾಗಿ, ಆಮೇಲೆ ಅಂಚು ಮಾತ್ರ ಉಳಿದು, ಕೊನೆಗೆ ಬರಿಯ ಬಿಲ್ಲೆಯಾದಂತೆ. ಮುದ್ರೆ ಅಳಿಸಿಹೋದರೂ ಆ ಬಿಲ್ಲೆಗೆ ಹಾಲು ಸಿಗುತ್ತದೆ.

ಹಾಗಾಗಿ ಪಾಲು ಮೊದಲ ಮೆಟ್ಟಿಲು, ಹಾಲು ಎರಡನೆಯದು, ಆಲು ಮೂರನೆಯದು. ಮೈಸೂರಿನವರು ಎರಡರಲ್ಲಿ ನಿಂತು ಮೂರರಲ್ಲಿರುವವರನ್ನು ನೋಡಿ ನಗುತ್ತಾರೆ. ಮೊದಲ ಮೆಟ್ಟಿಲಿನಲ್ಲಿ ನಿಂತ ಹಳಗನ್ನಡದ ಕವಿಗೆ ‘ಹಾಲು’ ಹೇಗೆ ಕೇಳಿಸುತ್ತಿತ್ತೋ!

ಈ ಮೆಟ್ಟಿಲು ಕನ್ನಡದ್ದು ಮಾತ್ರವಲ್ಲ. ಲ್ಯಾಟಿನ್ನಿನ ‘ಫಿಲಿಯುಸ್’, ಅಂದರೆ ಮಗ, ಸ್ಪ್ಯಾನಿಷಿಗೆ ಬರುವಷ್ಟರಲ್ಲಿ ‘ಫ’ ಸವೆದು ‘ಹ’ ಆಗಿ, ಆ ‘ಹ’ವೂ ಬಿದ್ದು ‘ಇಹೊ’ ಆಯಿತು. ಬರೆಯುವಾಗ ಮೊದಲಿಗೆ ಎಚ್ ಅಕ್ಷರವನ್ನು ಇನ್ನೂ ಇಡುತ್ತಾರೆ, ಹೇಳುವವರಿಲ್ಲ. ಅಂದರೆ ಸ್ಪೇನ್ ದೇಶಕ್ಕೆ ದೇಶವೇ ಮಂಡ್ಯ. ಜಪಾನಿನಲ್ಲೂ ಹಳೆಯ ‘ಪ’ ‘ಹ’ ಆಗಿದೆ. ಆ ದೇಶದ ಹೆಸರಿಗೇ ಎರಡು ರೂಪ: ನಿಪ್ಪೊನ್, ನಿಹೊನ್. ಒತ್ತಕ್ಷರವಿದ್ದ ಕಡೆ ‘ಪ’ ಬದುಕಿತು, ಒಂಟಿಯಾದ ಕಡೆ ‘ಹ’ ಆಯಿತು. ನಮ್ಮಲ್ಲೂ ಅದೇ ಕಾನೂನು. ಅಪ್ಪ, ಉಪ್ಪು, ತುಪ್ಪ, ಕಪ್ಪು ಅಲ್ಲಾಡಲಿಲ್ಲ; ಕಂಪು, ತಂಪು, ಗುಂಪು ಅಲ್ಲಾಡಲಿಲ್ಲ. ಒತ್ತು ಬಿದ್ದಾಗ, ಇಲ್ಲವೇ ಮುಂದೆ ಸೊನ್ನೆ ಇದ್ದಾಗ ತುಟಿ ಮುಚ್ಚಲೇಬೇಕು, ಜಾರಿಕೊಳ್ಳಲು ದಾರಿಯಿಲ್ಲ. ಇಡೀ ನಿಯಮವನ್ನು ಒಂದೇ ಪದದಲ್ಲಿ ನೋಡಬೇಕಿದ್ದರೆ ಪಂಪೆ ಹಂಪೆಯಾದದ್ದನ್ನು ನೋಡಿ: ಮೊದಲ ‘ಪ’ ಹೋಯಿತು, ಸೊನ್ನೆಯ ಹಿಂದೆ ಅಡಗಿದ ಎರಡನೆಯದು ಉಳಿಯಿತು. ಪೂಜೆ, ಪುಸ್ತಕ, ಪಾಪಗಳನ್ನು ಕಾಪಾಡಿದ್ದು ಸಂಸ್ಕೃತದ ನಂಟು.

‘ಹ’ ಬಿಡುವುದು ಮಂಡ್ಯದವರ ಗುತ್ತಿಗೆಯೂ ಅಲ್ಲ. ಮೈಸೂರಿನ ಅಗ್ರಹಾರದಲ್ಲಿ ನಿಂತು ಕೇಳಿ: ‘ಬಾಳ ಚೆನ್ನಾಗಿದೆ’, ‘ಹೇಳ್ದಂಗೆ ಮಾಡು’. ಬಹಳದ ‘ಹ’ ಎಲ್ಲಿ? ‘ಹೇಳಿದ ಹಾಗೆ’ಯ ಎರಡನೇ ‘ಹ’ ಎಲ್ಲಿ? ಮಹದೇವ ಮಾದೇವನಾಗಿ, ಬೆಟ್ಟದ ಮೇಲೆ ಮಾದಪ್ಪನಾದಾಗ ಯಾರೂ ನಗಲಿಲ್ಲ, ಕೈಮುಗಿದರು. ಎರಡು ಸ್ವರಗಳ ನಡುವೆ ಗಂಟಲಿನ ತಂತುಗಳು ನಡುಗುತ್ತಲೇ ಇರುತ್ತವೆ, ‘ಹ’ಕ್ಕಾಗಿ ನಿಲ್ಲುವುದಿಲ್ಲ, ಆದ್ದರಿಂದ ಅಲ್ಲಿ ಅದು ಎಲ್ಲರ ಬಾಯಲ್ಲೂ ಬೀಳುತ್ತದೆ. ಲಂಡನ್ನಿನ ದೊಡ್ಡ ಮನುಷ್ಯರೂ ‘ಗಿವ್ ಹಿಮ್’ ಅನ್ನುವುದನ್ನು ವೇಗದಲ್ಲಿ ‘ಗಿವಿಮ್’ ಎಂದೇ ಹೇಳುವುದು. ಮಂಡ್ಯದವರು ನಡುವೆ ಮಾಡುವುದನ್ನು ಮೊದಲಿಗೂ ಮಾಡಿದರು, ಅಷ್ಟೆ.

ಬ್ರಿಟಿಷ್–ಅಮೆರಿಕನ್ ವ್ಯತ್ಯಾಸಗಳಲ್ಲಿ ನಮ್ಮ ಈ ಕಥೆಗೆ ತಕ್ಕದ್ದು ಗಿಡಮೂಲಿಕೆಯ ಪದ. ಬ್ರಿಟನ್ನಿನಲ್ಲಿ ‘ಹರ್ಬ್’, ಅಮೆರಿಕದಲ್ಲಿ ‘ಅರ್ಬ್’. ಕೇಳಿದ ಕೂಡಲೇ ಅಮೆರಿಕದವರು ‘ಹ’ ನುಂಗಿದರು ಅನಿಸುತ್ತದೆ. ನಡೆದದ್ದು ತಿರುಗುಮುರುಗು. ಪದ ಫ್ರೆಂಚಿನಿಂದ ಬಂದಾಗ ‘ಹ’ ಇರಲಿಲ್ಲ. ಲ್ಯಾಟಿನ್ ಮೂಲದ ಮರ್ಯಾದೆಗೆಂದು ಬರಹಕ್ಕೆ ಎಚ್ ಸೇರಿಸಿದರು. 19ನೇ ಶತಮಾನದವರೆಗೂ ಅದು ಬಾಯಿಗೆ ಬಂದಿರಲಿಲ್ಲ. ‘ಹ’ ಬಿಡುವುದು ಕೀಳು ಎಂಬ ಹೆದರಿಕೆ ಇಂಗ್ಲೆಂಡಿನಲ್ಲಿ ಬಲಿತ ಮೇಲೆ, ಬರೆದದ್ದನ್ನೆಲ್ಲ ಓದಿಬಿಡುವ ಉತ್ಸಾಹದಲ್ಲಿ ಅಲ್ಲಿನವರು ‘ಹ’ ಸೇರಿಸಿಕೊಂಡರು. ಅಮೆರಿಕದವರು ಹಳೆಯದನ್ನೇ ಇಟ್ಟುಕೊಂಡರು. ಹಾಗಂತ ಬ್ರಿಟಿಷರು ಅವರ್, ಆನರ್, ಏರ್ ಎಂಬ ಪದಗಳ ಮೂಕ ಎಚ್‌ಗೆ ಬಾಯಿ ಕೊಡಲಿಲ್ಲ. ಶುದ್ಧಿಯಲ್ಲಿ ಅಷ್ಟು ಪಕ್ಷಪಾತ ಇದ್ದೇ ಇರುತ್ತದೆ.

‘ರ’ ಸದ್ದಿನದು ಇನ್ನೂ ಚೆಂದ. ‘ಫೋರ್ತ್ ಫ್ಲೋರ್’ನ ‘ರ’ ಬಿಡುವುದು ಇಂಗ್ಲೆಂಡಿನಲ್ಲಿ ದೊಡ್ಡಸ್ತಿಕೆ, ನ್ಯೂಯಾರ್ಕಿನಲ್ಲಿ ಬಡತನದ ಗುರುತು. ಭಾಷಾವಿಜ್ಞಾನಿ ವಿಲಿಯಂ ಲಬಾವ್ 1962ರಲ್ಲಿ ಅಲ್ಲಿನ ಮೂರು ದೊಡ್ಡ ಅಂಗಡಿಗಳಿಗೆ ಹೋಗಿ, ನಾಲ್ಕನೇ ಮಹಡಿಯಲ್ಲಿರುವ ಸಾಮಾನು ಎಲ್ಲಿದೆ ಎಂದು 264 ನೌಕರರನ್ನು ಕೇಳಿದರು. ಕೇಳಿಸಲಿಲ್ಲ ಎಂದು ನಟಿಸಿ ಇನ್ನೊಮ್ಮೆ ಹೇಳಿಸಿದರು. ದುಬಾರಿ ಅಂಗಡಿಯಲ್ಲಿ ಶೇ. 62 ಮಂದಿ ಎಲ್ಲ ಕಡೆ ಅಥವಾ ಕೆಲವು ಕಡೆಯಾದರೂ ‘ರ’ ಹೇಳಿದರು, ಮಧ್ಯಮ ಅಂಗಡಿಯಲ್ಲಿ ಶೇ. 51, ಅಗ್ಗದ್ದರಲ್ಲಿ ಸುಮಾರು ಶೇ. 20. ಒಂದೇ ಸದ್ದಿಗೆ ಸಮುದ್ರದ ಈ ದಡದಲ್ಲಿ ಒಂದು ಬೆಲೆ, ಆ ದಡದಲ್ಲಿ ಇನ್ನೊಂದು. ಬೆಲೆ ಇರುವುದು ಹೇಳುವವರ ಅಂಗಿಗೆ.

ಅಣಕಿಸಿದರೆ ಏನಾಗುತ್ತದೆ ಎನ್ನುವುದೂ ಗೊತ್ತಿದೆ. ಹೆದರಿದ ಬಾಯಿ ‘ಹ’ವನ್ನು ಬೇಡದ ಕಡೆಯೂ ತುರುಕುತ್ತದೆ. ಆನೆ ಹಾನೆಯಾಗುತ್ತದೆ, ಆದರದ ಸ್ವಾಗತ ‘ಹಾದರದ ಸ್ವಾಗತ’ವಾಗಿ ವೇದಿಕೆ ಮೇಲಿದ್ದವರು ತಲೆ ತಗ್ಗಿಸಬೇಕಾಗುತ್ತದೆ. ರೋಮಿನ ಕವಿ ಕ್ಯಾಟುಲಸ್, ಎಲ್ಲ ಪದಕ್ಕೂ ‘ಹ’ ಹಚ್ಚುವ ಆರಿಯಸ್ ಎಂಬುವನನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಗೇಲಿ ಮಾಡಿದ್ದಾನೆ. ಹೆಸರಿನ ಇಂಗ್ಲಿಷ್ ಸ್ಪೆಲಿಂಗಿಗೆ ಸಂಖ್ಯಾಶಾಸ್ತ್ರಿಯ ಮಾತು ಕೇಳಿ ಇನ್ನೊಂದು ಎಚ್ ಅಂಟಿಸಿಕೊಳ್ಳುವವರದು ಬೇರೆಯೇ ಕಾಯಿಲೆ. ಆ ಎಚ್‌ನಿಂದ ಉಚ್ಚಾರವೂ ಬದಲಾಗುವುದಿಲ್ಲ, ಅದೃಷ್ಟವೂ ಬದಲಾಗುವುದಿಲ್ಲ, ಆಧಾರ್ ಕಾರ್ಡಿಗೂ ಪಾನ್ ಕಾರ್ಡಿಗೂ ಹೆಸರು ಹೊಂದದೆ ಬ್ಯಾಂಕಿನಲ್ಲಿ ಅಲೆದಾಟ ಮಾತ್ರ ಗ್ಯಾರಂಟಿ.

ಕನ್ನಡಿ ಮುಂದೆ ನಿಂತು ಹಿ, ಹು, ಹಾ ಎಂದು ಸದ್ದು ಹೊರಡುವ ಮುನ್ನವೇ ನಿಲ್ಲಿಸಿ ನೋಡಿ. ‘ಹಿ’ಗೆ ತುಟಿ ಆಗಲೇ ಅಗಲವಾಗಿದೆ, ‘ಹು’ಗೆ ಆಗಲೇ ದುಂಡಗಾಗಿದೆ. ‘ಹ’ಕ್ಕೆ ಸ್ವಂತ ಆಕಾರವಿಲ್ಲ, ಮುಂದೆ ಬರುವ ಸ್ವರದ ಬಟ್ಟೆಯನ್ನೇ ಹಾಕಿಕೊಂಡಿರುತ್ತದೆ. ಅದಕ್ಕೇ ಅದು ಬಿದ್ದರೆ ನಷ್ಟ ಕಡಿಮೆ. ಪಿಸುಮಾತಿನಲ್ಲಿ ‘ಹಾಲು’, ‘ಆಲು’ ಅಂದು ಪಕ್ಕದವರಿಗೆ ಯಾವುದೆಂದು ಕೇಳಿ, ತಡವರಿಸುತ್ತಾರೆ. ಪಿಸುಮಾತಿನ ಸ್ವರವೇ ಮುಕ್ಕಾಲು ಪಾಲು ‘ಹ’.

ಇನ್ನೂ ಖಚಿತವಾಗಿ ಅಳೆಯಬೇಕಿದ್ದರೆ ಸದ್ದನ್ನು ಚಿತ್ರವಾಗಿ ತೋರಿಸುವ ಪ್ರಾಟ್ ಎಂಬ ಉಚಿತ ತಂತ್ರಾಂಶವಿದೆ, ಆಮ್‌ಸ್ಟರ್‌ಡ್ಯಾಮಿನ ಪೌಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಬರೆದದ್ದು. ಬಾಯಿಂದ ಒಂದು ಗೇಣು ದೂರದಲ್ಲಿ, ನೇರ ಎದುರಿಗಲ್ಲದೆ ಸ್ವಲ್ಪ ಓರೆಯಾಗಿ ಮೈಕ್ ಇಡಿ, ಇಲ್ಲದಿದ್ದರೆ ‘ಪ’ದ ಗಾಳಿ ಮೈಕಿಗೇ ಬಡಿಯುತ್ತದೆ. ಫ್ಯಾನ್ ಆರಿಸಿ. ‘ಹ’ ಮತ್ತು ಫ್ಯಾನು ಎರಡೂ ಗಾಳಿಯ ಸದ್ದೇ, ಚಿತ್ರದಲ್ಲಿ ಬೆರೆತುಹೋಗುತ್ತವೆ. ಇದೇ ಕಾರಣಕ್ಕೆ ಮೊಬೈಲಿನ ಗದ್ದಲ ತಗ್ಗಿಸುವ ಸೌಲಭ್ಯವನ್ನೂ ಆಫ್ ಮಾಡಿ, ಅದು ‘ಹ’ವನ್ನು ಗದ್ದಲವೆಂದು ತಿಳಿದು ಒರೆಸಿಬಿಡಬಹುದು. ಆಗ ಮೈಸೂರಿನವರೂ ‘ಆಲು’ ಅಂದಂತೆ ಕಾಣಿಸುತ್ತದೆ! ಪದಗಳ ಪಟ್ಟಿ ಕೊಟ್ಟು ಓದಿಸಬೇಡಿ. ಬರಹ ಕಂಡ ಕೂಡಲೇ ಶಾಲೆಯ ಮೇಷ್ಟರು ನೆನಪಾಗಿ ಎಲ್ಲರೂ ‘ಹ’ ಒತ್ತುತ್ತಾರೆ. ಹಾಲು, ಹುಲಿ, ಹೂವು, ಹಸು, ಆನೆ, ಎಲೆ, ಇಲಿ ಇವುಗಳ ಚಿತ್ರ ತೋರಿಸಿ ಹೆಸರು ಕೇಳಿ. ಸ್ವರದಿಂದ ಶುರುವಾಗುವವು ನಡುವೆ ಇರಲೇಬೇಕು, ಬೇಡದ ಕಡೆ ‘ಹ’ ಬರುತ್ತದೆಯೇ ಎಂದು ನೋಡುವುದಕ್ಕೆ. ಪ್ರತಿ ಪದವನ್ನೂ ಬಿಡಿಯಾಗಿ ಒಮ್ಮೆ, ‘ನಾನು ಹಾಲು ತಂದೆ’ ಎಂಬಂಥ ವಾಕ್ಯದ ನಡುವೆ ಒಮ್ಮೆ ಹೇಳಿಸಿ. ಬಿಡಿ ಪದದಲ್ಲಿ ಸ್ವರದ ಗೆರೆಗಳಿಗೆ ಮುಂಚೆ ಮಸುಕಾದ ಬೂದು ಪಟ್ಟಿ ಕಂಡರೆ ಅದು ‘ಹ’. ವಾಕ್ಯದ ನಡುವೆ ಅದೇ ಪಟ್ಟಿಯ ಜಾಗದಲ್ಲಿ ಗೆರೆಗಳು ತುಸು ಸಡಿಲವಾಗಿ ಮುಂದುವರಿದಿರುತ್ತವೆ, ಅಷ್ಟೆ.

ಕೊನೆಗೆ ಮೈಕ್ ಆರಿಸದೆ ಹಾಗೇ ಇಟ್ಟು, ಪ್ರಯೋಗ ಮುಗಿಯಿತು ಎಂದು ಹೇಳಿ ಹತ್ತು ನಿಮಿಷ ಮಾತಾಡುತ್ತಾ ಕೂರಿ. ಆಮೇಲೆ ವಿಷಯ ತಿಳಿಸಿ, ಅವರು ಒಪ್ಪಿದರೆ ಮಾತ್ರ ಆ ಭಾಗವನ್ನು ಬಳಸಿ. ಮೊದಲು ಎಣಿಸಬೇಕಾದದ್ದು ಅವರ ‘ಹಾಲು’ಗಳನ್ನಲ್ಲ, ನಿಮ್ಮವೇ ‘ಬಹಳ’ಗಳನ್ನು.